ಜೋಗಕ್ಕೆ ಮೂರು ಡೋಸ್

ಮಕ್ಕಳೇ, ಮಕ್ಕಳ ಕೈಯಿಂದ ಪತ್ರಿಕೆ ಕಸಿದುಕೊಂಡು ಈ ಪುಟವನ್ನು ಮೊದಲು ಓದಿಬಿಡುವ ಅಜ್ಜ-ಅಜ್ಜಿಯರೇ,

ನಡುವೆ ಕೆಲವು ವಾರ ಈ ಪುಟ ಬರಲಿಲ್ಲ. "ಅಜ್ಜಿ ಊರಿಗೆ ಹೋಗಿದ್ದಾರಾ?" ಎಂದು ಕೇಳಿ ಒಂದಷ್ಟು ಪತ್ರಗಳು ಬಂದಿವೆ. ಊರಿಗೆ ಹೋಗಿರಲಿಲ್ಲ, ಆಸ್ಪತ್ರೆಗೆ ಹೋಗಿದ್ದೆ. ನನಗೆ ದೊಡ್ಡ ಕರುಳಿನ ಕ್ಯಾನ್ಸರ್ ಆಗಿದೆ. ಈ ಪದವನ್ನು ಮಕ್ಕಳು ಓದುವ ಪತ್ರಿಕೆಯಲ್ಲಿ ಬರೆಯಬಹುದೇ ಎಂದು ಸಂಪಾದಕರನ್ನೇ ಕೇಳಿದೆ. "ಮಕ್ಕಳ ಮನೆಯಲ್ಲೂ ಇರುವ ಕಾಯಿಲೆ ತಾನೇ, ಬರೀರಿ" ಅಂದರು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಚಿಕ್ಕವಳಿದ್ದಾಗ ಯಾರೂ ಈ ಹೆಸರು ಹೇಳುತ್ತಿರಲಿಲ್ಲ. 'ದೊಡ್ಡ ಕಾಯಿಲೆ' ಎಂದು ಪಿಸುಗುಡುತ್ತಿದ್ದರು. ನಮ್ಮ ಸೋದರತ್ತೆ ಒಬ್ಬರಿಗೆ ಅದು ಬಂದಾಗ ಅವರ ತಟ್ಟೆ, ಲೋಟ, ಚಾಪೆ ಎಲ್ಲವನ್ನೂ ಬೇರೆ ಇಟ್ಟುಬಿಟ್ಟರು. ಪಾಪ, ಕಾಯಿಲೆಗಿಂತ ಅದೇ ಅವರನ್ನು ಹೆಚ್ಚು ನೋಯಿಸಿರಬೇಕು. ಮಕ್ಕಳೇ, ಕ್ಯಾನ್ಸರ್ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಅಜ್ಜಿಯ ತೊಡೆಯ ಮೇಲೆ ಮಲಗಿದರೂ ಅಂಟುವುದಿಲ್ಲ, ಅವರ ತಟ್ಟೆಯ ಉಪ್ಪಿಟ್ಟು ಕದ್ದು ತಿಂದರೂ ಅಂಟುವುದಿಲ್ಲ. ನಿಮಗೆ ನೆಗಡಿ, ಜ್ವರ ಇದ್ದರೆ ಮಾತ್ರ ಅವರಿಂದ ದೂರ ಇರಿ. ಚಿಕಿತ್ಸೆಯ ಸಮಯದಲ್ಲಿ ರಕ್ತದ ಬಿಳಿ ಕಣ ಕಡಿಮೆಯಾಗಿರುತ್ತದೆ, ನಿಮ್ಮ ಸಣ್ಣ ನೆಗಡಿ ಅವರಿಗೆ ದೊಡ್ಡದಾಗಬಹುದು. ಅಂಟುವ ಭಯ ಇರುವುದು ನಿಮಗಲ್ಲ, ಅವರಿಗೆ!

ಆಪರೇಷನ್ ಮುಗಿದ ಮೇಲೆ ಡಾಕ್ಟರು ಹನ್ನೆರಡು ಡೋಸ್ ಕೀಮೋ ಹೇಳಿದರು. ಎರಡು ವಾರಕ್ಕೊಂದು, ಒಟ್ಟು ಆರು ತಿಂಗಳು. ಬೆಂಗಳೂರಿನಲ್ಲಿ ಮಗಳ ಮನೆಯಲ್ಲಿದ್ದುಕೊಂಡು ಹೋಗಿ ಬರುತ್ತಿದ್ದೇನೆ. ಮೊಮ್ಮಗಳು ಏಳನೇ ಕ್ಲಾಸು. ಮೊದಲ ಡೋಸ್ ಆದ ಮರುದಿನ ಅವಳು ಸ್ಕೂಲಿನಿಂದ ಬಂದವಳೇ ನನ್ನ ತಲೆ ನೋಡಿದಳು. ಜಡೆ ಹಾಗೇ ಇದೆ! ಅವಳಿಗೆ ಸ್ವಲ್ಪ ನಿರಾಸೆಯೇ ಆಯಿತೇನೋ. ಸಿನಿಮಾದಲ್ಲಿ ಎಲ್ಲರಿಗೂ ಕೂದಲು ಉದುರುತ್ತದಲ್ಲ.

ಕೂದಲು ಉದುರುವುದು ಏಕೆ ಗೊತ್ತೇ? ಕ್ಯಾನ್ಸರ್ ಕೋಶಗಳು ಬೇಗ ಬೇಗ ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತವೆ. ಕೀಮೋ ಔಷಧ ಹಾಗೆ ಬೇಗ ಬೆಳೆಯುವ ಕೋಶಗಳನ್ನು ಹುಡುಕಿ ಹೊಡೆಯುತ್ತದೆ. ಆದರೆ ನಮ್ಮ ಕೂದಲ ಬುಡ, ಬಾಯಿಯ ಒಳಪದರ, ಕರುಳಿನ ಒಳಪದರ, ರಕ್ತ ತಯಾರಾಗುವ ಮೂಳೆಮಜ್ಜೆ ಇವೂ ಬೇಗ ಬೆಳೆಯುವಂಥವೇ. ಔಷಧಕ್ಕೆ ನಮ್ಮವರು ಯಾರು, ಹೊರಗಿನವರು ಯಾರು ಅಷ್ಟಾಗಿ ತಿಳಿಯದು. ಆದ್ದರಿಂದ ಇವಕ್ಕೂ ಪೆಟ್ಟು ಬೀಳುತ್ತದೆ. ಒಂದೊಂದು ಔಷಧ ಒಂದೊಂದು ಥರ. ನನಗೆ ಕೊಡುವುದರಲ್ಲಿ ಕೂದಲು ತೆಳುವಾಗುತ್ತದೆ ಅಷ್ಟೆ. ಅದರ ಬದಲು ಬೇರೊಂದು ವಿಚಿತ್ರ ಇದೆ: ತಣ್ಣಗಿರುವುದು ಯಾವುದೂ ಆಗದು.

ಇದನ್ನು ಹೇಗೆ ವಿವರಿಸಲಿ? ಆಕ್ಸಾಲಿಪ್ಲಾಟಿನ್ ಎಂಬ ಔಷಧ ಮೈಗೆ ಹೋದ ಮೇಲೆ ಕೆಲವು ದಿನ ಫ್ರಿಜ್ಜಿನಿಂದ ಹಾಲಿನ ಪ್ಯಾಕೆಟ್ ತೆಗೆದರೆ ಬೆರಳುಗಳಲ್ಲಿ ಜುಮ್ ಎಂದು ಕರೆಂಟು ಹೊಡೆದ ಹಾಗಾಗುತ್ತದೆ. ಬೆಳಿಗ್ಗೆ ಸ್ಟೀಲ್ ಚೊಂಬು ಮುಟ್ಟಿದರೂ ಅಷ್ಟೇ. ತಣ್ಣೀರು ಕುಡಿದರೆ ಗಂಟಲನ್ನು ಯಾರೋ ಹಿಡಿದುಕೊಂಡಂತೆ. ತುಮಕೂರಿನ ಬಿಸಿಲಲ್ಲಿ ಬೆಳೆದ ನಾನು ಏಪ್ರಿಲ್ ತಿಂಗಳಲ್ಲಿ ಉಲ್ಲನ್ ಕೈಗವಸು ಹಾಕಿಕೊಂಡು ತರಕಾರಿ ಹೆಚ್ಚುತ್ತೇನೆ. ಮೊಮ್ಮಗಳು ನನಗೆ 'ಕಾಶ್ಮೀರದ ಅಜ್ಜಿ' ಎಂದು ಹೆಸರಿಟ್ಟಿದ್ದಾಳೆ.

ಶನಿವಾರದ ಡೋಸ್‌ಗಳಿಗೆ ಅವಳು ಸ್ಕೂಲು ಮುಗಿಸಿಕೊಂಡು ಅಮ್ಮನ ಜೊತೆ ಬರುತ್ತಾಳೆ. ಆಸ್ಪತ್ರೆಯಲ್ಲಿ ಸಾಲಾಗಿ ಒರಗು ಕುರ್ಚಿಗಳು, ಪ್ರತಿ ಕುರ್ಚಿಯ ಪಕ್ಕ ಒಂದು ಡ್ರಿಪ್ ಸ್ಟ್ಯಾಂಡು. ನನ್ನ ಎದೆಯ ಚರ್ಮದ ಕೆಳಗೆ ಎಂಟಾಣೆ ಬಿಲ್ಲೆಯಂಥ ಒಂದು ಪೋರ್ಟ್ ಕೂರಿಸಿದ್ದಾರೆ, ಸೂಜಿ ಅದಕ್ಕೇ ಚುಚ್ಚುತ್ತಾರೆ. ಮೂರು-ನಾಲ್ಕು ಗಂಟೆ ಕೂರಬೇಕು. ಆಮೇಲೆ ಮಗುವಿನ ಹಾಲಿನ ಬಾಟಲಿಯಂಥ ಒಂದು ಪಂಪನ್ನು ಸೊಂಟಕ್ಕೆ ಕಟ್ಟಿ ಮನೆಗೆ ಕಳಿಸುತ್ತಾರೆ. ಅದರೊಳಗಿನ ಬಲೂನು ನಿಧಾನವಾಗಿ ಕುಗ್ಗುತ್ತಾ 46 ಗಂಟೆ ಔಷಧ ಬಿಡುತ್ತಲೇ ಇರುತ್ತದೆ. ಬ್ಯಾಟರಿ ಇಲ್ಲ, ಕರೆಂಟಿಲ್ಲ. ನನಗೆ ಅದು ಬಹಳ ಮೆಚ್ಚುಗೆಯಾಯಿತು.

ಆ ಮೂರು-ನಾಲ್ಕು ಗಂಟೆಯ ಮಾತು ಹೇಳುತ್ತೇನೆ. ಟೀವಿ ಇತ್ತು, ಯಾರಿಗೂ ಬೇಕಿರಲಿಲ್ಲ. ಮೊಬೈಲ್ ನೋಡಿದರೆ ನನಗೆ ವಾಕರಿಕೆ. ಮೊಮ್ಮಗಳು ಒಂದು ಹಳೆಯ ನೋಟ್‌ಬುಕ್ ತೆಗೆದು, "ಅಜ್ಜಿ, ಒಂದು ಡೋಸಿಗೆ ಒಂದು ಊರು. ನೀನು ಹೋಗಿದ್ದ ಊರಿನ ಕಥೆ ಹೇಳು, ನಾನು ಬರ್ಕೋತೀನಿ. ಹನ್ನೆರಡು ಊರು ಆದ್ರೆ ಮುಗೀತು" ಎಂದಳು. ಒಳ್ಳೆಯ ಯೋಜನೆ. ಆದರೆ ಏಳು ಡೋಸ್ ಆಗಿದೆ, ನಾವಿನ್ನೂ ನಾಲ್ಕನೇ ಊರಿನಲ್ಲಿದ್ದೇವೆ. ಜೋಗವೊಂದೇ ಮೂರು ಡೋಸ್ ತಿಂದಿತು.

ಅದು 1988ರ ದಸರಾ ರಜೆ. ನಾವು ಆರು ಜನ: ನಾನು, ನಮ್ಮ ಯಜಮಾನರು, ಅತ್ತೆ, ಮೈದುನ, ಹತ್ತು ವರ್ಷದ ಮಗ, ಏಳು ವರ್ಷದ ಮಗಳು. ಒಂದು ಹೋಲ್ಡಾಲ್, ಎರಡು ಟ್ರಂಕು, ಬುತ್ತಿಯ ಬುಟ್ಟಿ. ಅದರಲ್ಲಿ ಪುಳಿಯೋಗರೆ, ಮೊಸರನ್ನ, ಒಂದು ಡಬ್ಬಿ ಕೋಡುಬಳೆ. ಅತ್ತೆಯ ಕೈಯಲ್ಲಿ ತಿರುಪಿನ ಮುಚ್ಚಳದ ಹಿತ್ತಾಳೆ ಕೂಜ. ಪರಊರಿನ ನೀರು ಕುಡಿದರೆ ಶೀತವಾಗುತ್ತದೆ ಎಂದು ಅವರು ಮನೆಯ ನೀರನ್ನೇ ಹೊತ್ತು ಬಂದಿದ್ದರು. ಬೀರೂರಿನಲ್ಲಿ ಕವಲೊಡೆದು ಶಿವಮೊಗ್ಗದ ಮೇಲೆ ತಾಳಗುಪ್ಪಕ್ಕೆ ಹೋಗುವ ದಾರಿ ಆಗ ಮೀಟರ್ ಗೇಜು. ಎರಡು ಹಳಿಗಳ ನಡುವೆ ಸರಿಯಾಗಿ 1 ಮೀಟರ್. ಈಗಿನ ಬ್ರಾಡ್‌ಗೇಜಿನಲ್ಲಿ 1,676 ಮಿಲಿಮೀಟರ್. ಮಕ್ಕಳೇ, ಟೇಪು ಹಿಡಿದು ನೆಲದ ಮೇಲೆ ಗೆರೆ ಎಳೆದು ನೋಡಿ, ನಮ್ಮ ಆ ರೈಲು ಎಷ್ಟು ಪುಟ್ಟದೆಂದು ತಿಳಿಯುತ್ತದೆ. ಕಿಟಕಿಯಿಂದ ಕೈ ಚಾಚಿದರೆ ಗಿಡದ ಎಲೆ ಸಿಗುತ್ತಿತ್ತು. (ಕೈ ಚಾಚಬಾರದು. ಮೈದುನ ಚಾಚಿದ, ಅತ್ತೆಯಿಂದ ಬೈಸಿಕೊಂಡ.)

ಶಿವಮೊಗ್ಗ ಬಿಟ್ಟ ಮೇಲೆ ಕುಂಸಿ, ಅರಸಾಳು, ಆನಂದಪುರ, ಸಾಗರ. ಈ ಅರಸಾಳು ಬಂದಾಗ ಇಡೀ ಬೋಗಿ ಒಂದೇ ಕಡೆಯ ಕಿಟಕಿಗೆ ಬಂತು. ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ಎಂದು ಧಾರಾವಾಹಿ ಮಾಡಿದ್ದರಲ್ಲ, ಅದರಲ್ಲಿ ಬರುವ ಮಾಲ್ಗುಡಿ ರೈಲ್ವೆ ಸ್ಟೇಷನ್ ಇದೇ. ದೂರದರ್ಶನದಲ್ಲಿ ನೋಡಿ ಬಂದಿದ್ದ ನನ್ನ ಮಗ, "ಸ್ವಾಮಿ ಎಲ್ಲಿ? ಸ್ವಾಮಿ ಎಲ್ಲಿ?" ಎಂದು ಪ್ಲಾಟ್‌ಫಾರಂ ಎಲ್ಲ ಕಣ್ಣಲ್ಲೇ ಹುಡುಕಿದ. ಈಗ ಅಲ್ಲಿ ಹಳೆಯ ಸ್ಟೇಷನ್ ಕಟ್ಟಡವನ್ನು ಚೆಂದ ಮಾಡಿ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ.

ಮೊದಲ ಜೋಗದ ಡೋಸ್ ಇಲ್ಲಿಗೇ ಮುಗಿಯಿತು. ನಾವಿನ್ನೂ ರೈಲಿನಲ್ಲೇ ಇದ್ದೆವು. ಏಕೆಂದರೆ ಪಕ್ಕದ ಕುರ್ಚಿಯವರು ಬಾಯಿ ಹಾಕಿದರು.

ಅವರು ಸಾಗರದ ಕಡೆಯ ಅಡಿಕೆ ಬೆಳೆಗಾರರು. ಅರವತ್ತೇಳು ವಯಸ್ಸು, ನನಗಿಂತ ಒಂದು ವರ್ಷ ಚಿಕ್ಕವರು. ಕಣ್ಣು ಮುಚ್ಚಿಕೊಂಡು ಮಲಗಿದ್ದರು, ನಿದ್ದೆ ಎಂದುಕೊಂಡಿದ್ದೆವು. "ಪುಟ್ಟೀ, ಸಾಗರ ಅಂತ ಮಾತ್ರ ಬರೀಬ್ಯಾಡ. ಸ್ಟೇಷನ್ನು ಇರೋದು ಜಂಬಗಾರಿನಲ್ಲಿ. ಸಾಗರ ಜಂಬಗಾರು ಅಂತ ಬರಿ. ಕಾಲೇಜಿಗೆ ಆ ರೈಲಲ್ಲೇ ಓಡಾಡಿದವ ನಾನು" ಎಂದರು. ಅವತ್ತಿನಿಂದ ನೋಟ್‌ಬುಕ್ಕಿಗೆ ಇಬ್ಬರು ಮೇಷ್ಟರು.

ಅವರಿಗೆ ಕೊಡುತ್ತಿದ್ದ ಔಷಧ ಬೇರೆ. ಇರಿನೋಟೆಕಾನ್ ಅಂತ. ಅದರ ಕಥೆಯನ್ನೂ ಅವರೇ ಹೇಳಿದರು, ಮನೆಗೆ ಬಂದು ನಾನು ಪುಸ್ತಕ ತೆಗೆದು ನೋಡಿದೆ, ನಿಜ. ಚೀನಾ ದೇಶದ ಒಂದು ಮರದಿಂದ 1966ರಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ರಾಸಾಯನಿಕವನ್ನು ಬೇರ್ಪಡಿಸಿದರು. ಅದನ್ನು ತಿದ್ದಿ ತೀಡಿ ಮಾಡಿದ್ದೇ ಈ ಔಷಧ. ಆಮೇಲೆ ಅದೇ ರಾಸಾಯನಿಕ ನಮ್ಮ ಪಶ್ಚಿಮ ಘಟ್ಟದ ಒಂದು ಮರದಲ್ಲೂ ಇದೆ ಎಂದು ಗೊತ್ತಾಯಿತು. ಆ ಮರಕ್ಕೆ ನಮ್ಮವರು ಇಟ್ಟ ಹೆಸರು 'ದುರ್ವಾಸನೆ ಮರ'! ಹೂವು ಕೆಟ್ಟ ವಾಸನೆ, ಅದಕ್ಕೇ ಆ ಹೆಸರು. "ನಮ್ಮ ಬ್ಯಾಣದ ಅಂಚಿಗೂ ಇತ್ತು. ಚಿಕ್ಕವರಿದ್ದಾಗ ಮೂಗು ಮುಚ್ಕೊಂಡು ಓಡ್ತಿದ್ವಿ. ಈಗ ನೋಡಿ, ಅದರ ಸಂಬಂಧಿಕ ನನ್ನ ರಕ್ತಕ್ಕೇ ಬಂದು ಕೂತಿದಾನೆ" ಎಂದು ನಕ್ಕರು. ಔಷಧಕ್ಕಾಗಿ ಆ ಮರವನ್ನು ಎಷ್ಟು ಕಡಿದರೆಂದರೆ ಈಗ ಅದೇ ಅಪರೂಪವಾಗುತ್ತಿದೆ. ನಿಮ್ಮ ಅಂಗಳದ ನಿತ್ಯಪುಷ್ಪ ಕೂಡ ಹಾಗೇ. ಮಡಗಾಸ್ಕರ್ ಮೂಲದ ಆ ಗುಲಾಬಿ ಬಣ್ಣದ ಹೂಗಿಡದಿಂದ ಬಂದ ವಿನ್‌ಕ್ರಿಸ್ಟಿನ್ ಔಷಧ ಮಕ್ಕಳ ರಕ್ತ ಕ್ಯಾನ್ಸರಿಗೆ ಬಲು ಮುಖ್ಯ. ಹಾಗೆಂದು ಯಾರೂ ಎಲೆ ಕಿತ್ತು ಕಷಾಯ ಮಾಡಬೇಡಿ, ಅಜ್ಜಂದಿರೇ, ನಿಮಗೇ ಹೇಳುತ್ತಿರುವುದು. ಗಿಡದಲ್ಲಿರುವುದು ವಿಷ. ಅಳತೆ ಗೊತ್ತಿದ್ದವರ ಕೈಯಲ್ಲಿ ಮಾತ್ರ ಔಷಧ.

ಎರಡನೇ ಜೋಗದ ಡೋಸಿನಲ್ಲಿ ನಾವು ಜಲಪಾತ ಮುಟ್ಟಿದೆವು. ತಾಳಗುಪ್ಪದಲ್ಲಿ ಇಳಿದು ಬಸ್ಸು ಹತ್ತಿ ಹೋದರೆ, ಏನಿದೆ? ಬರೀ ಮಂಜು. 253 ಮೀಟರ್ ಆಳದ ಕಣಿವೆಯ ಮುಂದೆ ನಿಂತಿದ್ದೇವೆ, ಕಾಣುವುದು ಬಿಳಿ ಗೋಡೆ. ಸದ್ದು ಮಾತ್ರ ಕಿವಿ ತುಂಬಾ. ರಾಜಾ, ರೋರರ್, ರಾಕೆಟ್, ರಾಣಿ ನಾಲ್ಕೂ ಅದರ ಹಿಂದೆ ಅಡಗಿ ಕೂತಿವೆ. ಒಂದು ಗಂಟೆ ಕಾದೆವು. ತುಂತುರಿನಲ್ಲಿ ಎಲ್ಲರ ಮೈಯೂ ನೆಂದು, ಬೆರಳು ಮರಗಟ್ಟಿ, ಯಜಮಾನರು ತಂದ ಬಿಸಿ ಬೋಂಡಾವನ್ನು ತಿನ್ನುವುದಕ್ಕಿಂತ ಅಂಗೈಯಲ್ಲಿ ಹಿಡಿದುಕೊಂಡದ್ದೇ ಹೆಚ್ಚು.

ಆಮೇಲೆ ಮಂಜು ಸರಿಯಿತೋ ಇಲ್ಲವೋ? ಇಲ್ಲಿ ನಮ್ಮ ಮನೆಯಲ್ಲಿ ಮೂವತ್ತೇಳು ವರ್ಷದ ಜಗಳವಿದೆ. ಪರದೆ ಎಳೆದ ಹಾಗೆ ಸರಿದು ನಾಲ್ಕೂ ಕಂಡವು ಎನ್ನುತ್ತಾನೆ ಮಗ. ಒಂದೂ ಕಾಣಲಿಲ್ಲ, ಆಮೇಲೆ ನೋಡಿದ ಕ್ಯಾಲೆಂಡರನ್ನು ಇವನು ನೆನಪಿಟ್ಟುಕೊಂಡಿದ್ದಾನೆ ಎನ್ನುತ್ತಾಳೆ ಮಗಳು. ಡ್ರಿಪ್ ಹೋಗುತ್ತಿರುವಾಗಲೇ ಮೊಮ್ಮಗಳು ಪುಣೆಯಲ್ಲಿರುವ ಮಾವನಿಗೆ ಫೋನ್ ಮಾಡಿದಳು. ಅಣ್ಣ-ತಂಗಿ ಸ್ಪೀಕರ್ ಹಾಕಿಕೊಂಡು ವಾದ ಮಾಡಿದರು. ಸಿಸ್ಟರ್ ಬಂದು, "ಮೆಲ್ಲಗೆ, ಮೆಲ್ಲಗೆ" ಎಂದವರು ತಾವೂ ನಿಂತು ಕೇಳಿದರು. ಆಪರೇಷನ್ ಆದ ಮೇಲೆ ನನ್ನ ಇಬ್ಬರು ಮಕ್ಕಳೂ ನನ್ನೆದುರು ಹೂವಿನಂತೆ ಮಾತಾಡುತ್ತಿದ್ದರು, ಮೂರು ತಿಂಗಳಿಂದ ಒಂದು ಜಗಳವಿಲ್ಲ. ಅವತ್ತು ಅವರು ಜಗಳವಾಡಿದ್ದು ಕೇಳಿ ನನಗೆ ಎಷ್ಟು ಹಿತವಾಯಿತು ಎಂದರೆ, ಸತ್ಯ ಏನೆಂದು ನಾನು ಬಾಯಿ ಬಿಡಲಿಲ್ಲ. ನಿಮಗೂ ಹೇಳುವುದಿಲ್ಲ, ಅವರಿಬ್ಬರೂ ಈ ಪತ್ರಿಕೆ ಓದುತ್ತಾರೆ.

ಅತ್ತೆಯ ಕೂಜದ ಸಂಗತಿಯಲ್ಲಿ ಮಾತ್ರ ಎಲ್ಲರದ್ದೂ ಒಮ್ಮತ. ಮನೆಯ ನೀರನ್ನು ಅಷ್ಟು ದೂರ ಹೊತ್ತು ತಂದ ಅವರು, ಶರಾವತಿಯ ದಡದಲ್ಲಿ ಅದನ್ನು ಗಿಡದ ಬುಡಕ್ಕೆ ಸುರಿದು ಹೊಳೆಯ ನೀರು ತುಂಬಿಸಿಕೊಂಡರು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ರಾಮ ಬಾಣ ಬಿಟ್ಟು ನೀರು ತರಿಸಿದ, ಶರದಿಂದ ಹುಟ್ಟಿದ್ದಕ್ಕೇ ಶರಾವತಿ ಎನ್ನುವ ಕಥೆ ಅವರಿಗೆ ಗೊತ್ತಿತ್ತು. ರಾಮನ ನೀರಿನಿಂದ ಶೀತವಾಗುತ್ತದೆಯೇ? ತುಮಕೂರಿಗೆ ಬಂದು ಬೀದಿಯವರಿಗೆಲ್ಲ ಉದ್ಧರಣೆಯಲ್ಲಿ ಒಂದೊಂದು ಹನಿ ಕೊಟ್ಟರು. ಆ ತಣ್ಣನೆಯ ನೀರಿನ ವಿಷಯ ಹೇಳುವಾಗ ನಾನು ಎರಡು ಕೈಗೂ ಉಲ್ಲನ್ ಗವಸು ಹಾಕಿ ಕೂತಿದ್ದೆ. ಮೊಮ್ಮಗಳು ಅಂಚಿನಲ್ಲಿ ಸಣ್ಣಕ್ಷರದಲ್ಲಿ ಬರೆದುಕೊಂಡಳು: 'ಅಜ್ಜಿಗೆ ತಣ್ಣೀರು ಆಗದು. ತಣ್ಣೀರಿನ ಕಥೆ ಆಗುತ್ತದೆ.'

ಇಷ್ಟು ಓದಿ, ನೆನಪಿನಿಂದ ಕಾಯಿಲೆ ವಾಸಿಯಾಗುತ್ತದೆ ಎಂದು ಯಾರಾದರೂ ಹೇಳಿಕೊಂಡು ತಿರುಗೀರಿ. ಆಗುವುದಿಲ್ಲ. ವಾಸಿ ಮಾಡುವುದಿದ್ದರೆ ಆ ಸೂಜಿ, ಆ ಡ್ರಿಪ್ಪು, ಅದಕ್ಕೂ ಮೊದಲು ಆದ ಆಪರೇಷನ್ನು. ವಾಕರಿಕೆ ಬರುವ ದಿನ ಜೋಗವೂ ಬೇಡ, ಕಾಶಿಯೂ ಬೇಡ, ಸುಮ್ಮನೆ ಗೋಡೆ ನೋಡಿಕೊಂಡು ಮಲಗಿರುತ್ತೇನೆ. ಅಂಥ ಎರಡು ಡೋಸ್‌ಗಳ ಪುಟ ನೋಟ್‌ಬುಕ್ಕಿನಲ್ಲಿ ಖಾಲಿ ಇದೆ, ತಾರೀಖು ಮಾತ್ರ. ಆದರೆ ಕಾಯಿಲೆಯವರನ್ನು ನೋಡಲು ಬರುವವರು "ಯಾವ ಸ್ಟೇಜು?" ಎಂದೋ, "ನಮ್ಮ ಪಕ್ಕದ ಮನೆಯವರಿಗೂ ಹೀಗೇ ಆಗಿ..." ಎಂದೋ ಶುರು ಮಾಡುವುದಕ್ಕಿಂತ, "ನೀವು ಆ ವರ್ಷ ಗೋಕರ್ಣಕ್ಕೆ ಹೋಗಿದ್ರಲ್ಲ, ಎಲ್ಲಿ ಇಳ್ಕೊಂಡಿದ್ರಿ?" ಎಂದು ಕೇಳುವುದು ಎಷ್ಟೋ ವಾಸಿ.

ಹಿರಿಯರಿಗೆ ಇನ್ನೊಂದು ಮಾತು, ಇದನ್ನು ಬಿಟ್ಟರೆ ಮೇಷ್ಟ್ರಮ್ಮನ ಮನಸ್ಸಿಗೆ ಸಮಾಧಾನವಿಲ್ಲ. ಮಲದಲ್ಲಿ ರಕ್ತ ಕಂಡರೆ, ವಾರಗಟ್ಟಲೆ ಹೊಟ್ಟೆಯ ರೂಢಿ ಬದಲಾದರೆ, ಕಾರಣವಿಲ್ಲದೆ ತೂಕ ಇಳಿದರೆ ಮೂಲವ್ಯಾಧಿ ಎಂದು ನೀವೇ ತೀರ್ಮಾನಿಸಿ ಮುಲಾಮು ಹಚ್ಚಿಕೊಂಡು ಕೂರಬೇಡಿ. ಇದನ್ನು ಮಕ್ಕಳ ಹತ್ತಿರ ಹೇಳಲು ನಾಚಿಕೆಯಾಗುತ್ತದೆ, ನಿಜ. ನಾಚಿಕೆಪಟ್ಟುಕೊಂಡೇ ಹೇಳಿ.

ಮೂರನೆಯ ಜೋಗ ಎಂದೆನಲ್ಲ, ಅದು ಜೋಗವಲ್ಲ, ಅದರ ಹಿಂದಿನ ನೀರು. 2018ರಲ್ಲಿ ನಾವೆಲ್ಲ ಸಿಗಂದೂರಿಗೆ ಹೋಗಿದ್ದೆವು. ಮೊಮ್ಮಗಳಿಗೆ ಆಗ ಐದು ವರ್ಷ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಶರಾವತಿ ಹಿಂದಕ್ಕೆ ಸರಿದು ಸಮುದ್ರದಂತೆ ಹರಡಿಕೊಂಡಿದ್ದಾಳೆ, ಆಚೆ ದಡಕ್ಕೆ ಹೋಗಲು ಲಾಂಚ್. ಬಸ್ಸು, ಕಾರು, ಜನ ಎಲ್ಲ ಒಟ್ಟಿಗೆ ತೇಲಿಕೊಂಡು ಹೋಗುವುದು. ಅವಳನ್ನು ತಾತ ಹೆಗಲ ಮೇಲೆ ಕೂರಿಸಿಕೊಂಡು ಕಂಬಿಯ ಹತ್ತಿರ ನಿಂತಿದ್ದರು. ಲಾಂಚಿನವರನ್ನು, "ಇಲ್ಲಿ ಆಳ ಎಷ್ಟಪ್ಪಾ?" ಎಂದು ಕೇಳಿದರು. ಅವರು ನಕ್ಕು, "ಇಳಿದು ನೋಡಿಲ್ಲ ಯಜಮಾನ್ರೇ" ಎಂದರು. ಅಷ್ಟೇ. ಅವರು ಹೋಗಿ ಆರು ವರ್ಷವಾಯಿತು. ತಾತನ ಜೊತೆ ಅವಳು ಮಾಡಿದ ದೊಡ್ಡ ಪ್ರಯಾಣ ಅದೊಂದೇ.

ಅದನ್ನು ಅವಳು ನನ್ನಿಂದ ಮೂರು ಸಲ ಹೇಳಿಸಿದಳು. ತಾತ ಯಾವ ಬಣ್ಣದ ಅಂಗಿ ಹಾಕಿದ್ದರು, ಹೆಗಲ ಮೇಲೆ ಕೂತು ತಾನು ಏನೆಂದೆ, ಕಂಬಿಗೆ ಕಟ್ಟಿದ್ದ ಹಸಿರು ಹಗ್ಗ ನಿನಗೆ ನೆನಪಿದೆಯಾ ಅಜ್ಜಿ. ಹಗ್ಗ ನನಗೆ ನೆನಪಿಲ್ಲ. ಅದು ಅವಳದೇ. ಫೋಟೋದಲ್ಲೂ ಇಲ್ಲ, ನಾನು ಹುಡುಕಿದೆ. ಅವಳು ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿ, "ನೀನೂ ಹೋದ್ರೆ ಇದನ್ನೆಲ್ಲ ಯಾರು ಹೇಳ್ತಾರೆ?" ಎಂದು ಕೇಳಿದಳು. ಮಗಳು ಗದರಿದಳು. ನಾನು ಮಗಳಿಗೆ ಸುಮ್ಮನಿರು ಎಂದು ಸನ್ನೆ ಮಾಡಿದೆ. ಮಕ್ಕಳು ಕೇಳಲಿ. ಮನಸ್ಸಿನಲ್ಲಿ ಇಟ್ಟುಕೊಂಡು ರಾತ್ರಿ ಒಬ್ಬರೇ ನಡುಗುವುದಕ್ಕಿಂತ ಹಗಲು ಕೇಳುವುದು ಒಳ್ಳೆಯದು. "ಅದಕ್ಕೇ ಅಲ್ವಾ ಬರ್ಕೋತಿರೋದು. ನಾನಿನ್ನೂ ಇಲ್ಲೇ ಇದೀನಿ, ಕೇಳೋದಿದ್ರೆ ಈಗ ಕೇಳು" ಎಂದೆ. ಅವಳು ಕೇಳಿದಳು. ತಾತನಿಗೆ ಈಜು ಬರ್ತಿತ್ತಾ ಅಂತ. ಬರುತ್ತಿರಲಿಲ್ಲ.

ಪಕ್ಕದ ಕುರ್ಚಿಯ ಯಜಮಾನರು ಅವತ್ತು ಬಹಳ ಹೊತ್ತು ಮಾತಾಡಿರಲಿಲ್ಲ. ಕೊನೆಗೆ, "ನೀವು ದಾಟಿದ ನೀರಿನಡಿಗೇ ನಮ್ಮ ಹಳೇ ಮನೆ ಇರೋದು" ಎಂದರು. ಲಿಂಗನಮಕ್ಕಿ ತುಂಬಿದಾಗ ಎಷ್ಟೋ ಊರುಗಳು ಮುಳುಗಿದವು, ಜನ ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ಕಡೆ ಹೋಗಿ ನೆಲೆಸಿದರು. ಇವರಿಗೆ ಆಗ ಆರು ವರ್ಷ. ಮನೆಯ ಸಾಮಾನನ್ನೆಲ್ಲ ಲಾರಿಗೆ ತುಂಬಿ, ಮೇಲೆ ಮಕ್ಕಳನ್ನು ಕೂರಿಸಿದರಂತೆ. "ನನ್ನ ಜೀವಮಾನದ ಮೊದಲ ಪ್ರವಾಸ ಅದು. ದೊಡ್ಡವರೆಲ್ಲ ಅಳ್ತಿದ್ರು. ನನಗೋ, ಲಾರಿ ಹತ್ತಿದ್ದೇ ಖುಷಿ! ದಾರಿ ಉದ್ದಕ್ಕೂ ನಗ್ತಾ ಕೂತಿದ್ದೆ. ಅಮ್ಮ ಒಂದು ಪೆಟ್ಟು ಕೊಟ್ಟಳು." ಬೇಸಿಗೆಯಲ್ಲಿ ನೀರು ತೀರ ಇಳಿದಾಗ ಲಿಂಗನಮಕ್ಕಿಗೂ ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟು ತಲೆ ಎತ್ತುತ್ತದೆ, ಅದನ್ನು ನೋಡಲು ಒಮ್ಮೆ ಹೋಗಿದ್ದರಂತೆ. ತಮ್ಮ ಮನೆಯ ಜಾಗ ಮಾತ್ರ ಎಲ್ಲೂ ಸಿಗಲಿಲ್ಲ.

ಈಗ ಆ ಲಾಂಚಿನ ದಾರಿಗೂ ಸೇತುವೆ ಬಂದಿದೆ, 2025ರ ಜುಲೈನಲ್ಲಿ ತೆರೆದರು. ಎರಡು ಕಿಲೋಮೀಟರಿಗೂ ಉದ್ದ. ಆಚೆ ದಡದ ತುಮರಿ ಕಡೆಯ ಜನಕ್ಕೆ, ಅದರಲ್ಲೂ ರಾತ್ರಿ ಹೊತ್ತು ಆಸ್ಪತ್ರೆಗೆ ಓಡಬೇಕಾದವರಿಗೆ ಎಷ್ಟು ಅನುಕೂಲವೆಂದು ಆಸ್ಪತ್ರೆಯ ಕುರ್ಚಿಯಲ್ಲಿ ಕೂತ ನಮಗಿಬ್ಬರಿಗೂ ಹೇಳಬೇಕಾಗಿರಲಿಲ್ಲ. ಮೊಮ್ಮಗಳಿಗೆ ಮಾತ್ರ ಸ್ವಲ್ಪ ಬೇಜಾರು. ಹಸಿರು ಹಗ್ಗ ಇತ್ತೋ ಇಲ್ಲವೋ ಎಂದು ಹೋಗಿ ನೋಡಿ ಬರುವ ಆಸೆ ಅವಳಿಗೆ.

ಕಳೆದ ಡೋಸಿನ ದಿನ ಆ ಯಜಮಾನರ ಕುರ್ಚಿಯಲ್ಲಿ ಬೇರೊಬ್ಬರಿದ್ದರು. ಅವರಿಗೆ ರಕ್ತದ ಬಿಳಿ ಕಣ ಕಡಿಮೆ ಬಂದು ಒಂದು ವಾರ ಮುಂದೂಡಿದ್ದಾರೆ ಎಂದು ಸಿಸ್ಟರ್ ಹೇಳಿದರು. ಅಂದರೆ ಇನ್ನು ನಮ್ಮಿಬ್ಬರ ವಾರ ಕೂಡುವುದಿಲ್ಲ. ಮೊಮ್ಮಗಳು ನೋಟ್‌ಬುಕ್ಕಿನ ಒಂದು ಹಾಳೆ ಹರಿದು, ನಾಲ್ಕಾಗಿ ಮಡಚಿ, ಅವರು ಬಂದಾಗ ಕೊಡಿ ಎಂದು ಸಿಸ್ಟರ್ ಕೈಗೆ ಕೊಟ್ಟು ಬಂದಿದ್ದಾಳೆ. ಅದರಲ್ಲಿ ಮೂರೇ ಪ್ರಶ್ನೆ: ಲಾರಿಯಲ್ಲಿ ನಿಮ್ಮ ಪಕ್ಕ ಯಾರು ಕೂತಿದ್ದರು, ನಿಮ್ಮ ಮನೆಯ ನಾಯಿ ಜೊತೆಗೆ ಬಂತಾ, ಅಮ್ಮ ಕೊಟ್ಟ ಪೆಟ್ಟು ನೋಯಿತಾ.